ಮುಂಗಾರು ಮಳೆಯೋ, ಗಾಳಿಪಟವೋ: 2000ರ ದಶಕದ ಯಾವ ಕನ್ನಡ ಆಲ್ಬಂ ಇಟ್ಟುಕೊಳ್ಳಬೇಕು?

ಅಕ್ಕನ ಮಗಳು ಹುಟ್ಟಿದ್ದು 2005ರಲ್ಲಿ. 'ಜೋಗಿ' ಬಂದ ವರ್ಷ ಅಂತ ನೆನಪಿಟ್ಟುಕೊಂಡಿದ್ದೇನೆ. ಈಗ ಅವಳಿಗೆ ಹಳೆಯ ಕನ್ನಡ ಹಾಡುಗಳ ಹುಚ್ಚು. "ಮಾಮ, ನೀನು ಕಾಲೇಜಲ್ಲಿದ್ದಾಗ ಬಂದ ಆಲ್ಬಂಗಳಲ್ಲಿ ಐದೇ ಐದು ಹೇಳು, ಪೂರ್ತಿ ಕೇಳ್ತೀನಿ" ಅಂದಳು. 'ಹಳೆಯ' ಅನ್ನೋ ಮಾತು ಸ್ವಲ್ಪ ಚುಚ್ಚಿತು. ಆದರೂ ಪಟ್ಟಿ ಮಾಡಲು ಕೂತೆ.

ಅದೇ ವಾರ ಗೆಳೆಯನೊಬ್ಬ ಫೋನ್ ಮಾಡಿದ. ಮನೆ ಬದಲಿಸುತ್ತಿದ್ದಾನೆ. ಮೂರು ರಟ್ಟಿನ ಪೆಟ್ಟಿಗೆ ತುಂಬ ಸಿ.ಡಿ. ಇವೆ, ಹೊಸ ಮನೆಯಲ್ಲಿ ಒಂದು ಪೆಟ್ಟಿಗೆಗಷ್ಟೇ ಜಾಗ ಅಂತ ಅವನ ಹೆಂಡತಿ ತೀರ್ಪು ಕೊಟ್ಟಿದ್ದಾರೆ. ಯಾವುದನ್ನು ಇಟ್ಟುಕೊಳ್ಳಲಿ ಅಂತ ಅವನ ಗೋಳು.

ಇಬ್ಬರ ಪ್ರಶ್ನೆಯೂ ಒಂದೇ. 2000ರಿಂದ 2009ರವರೆಗೆ ಬಂದ ಕನ್ನಡ ಆಲ್ಬಂಗಳಲ್ಲಿ, ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೂ ಜನ ಹುಡುಕಿಕೊಂಡು ಹೋಗಿ ಕೇಳುವಂಥದ್ದು ಯಾವುದು? ನಮ್ಮಲ್ಲಿ ಆಲ್ಬಂ ಅಂದರೆ ಹೆಚ್ಚಾಗಿ ಸಿನಿಮಾ ಆಡಿಯೋನೇ. ಸಿನಿಮಾದ ಹಂಗಿಲ್ಲದ ಎರಡನ್ನೂ ಸೇರಿಸಿಕೊಂಡಿದ್ದೇನೆ. 'ಉಪೇಂದ್ರ' ಎಲ್ಲಿ ಅಂತ ಕೇಳಬೇಡಿ, ಅದು 1999.

ಮೊದಲು ಅಳತೆಗೋಲು

ಹಿಟ್ ಆಗೋದು ಬೇರೆ, ಉಳಿಯೋದು ಬೇರೆ. ಹಿಟ್ ಯಾವುದು ಅಂತ ಆ ವರ್ಷದ ಆಟೋ ಸ್ಟ್ಯಾಂಡೇ ಹೇಳಿಬಿಡುತ್ತದೆ. ಉಳಿಯುವುದನ್ನು ಗುರುತಿಸಲು ನಾನು ಬಳಸುವ ಪರೀಕ್ಷೆಗಳು ಬೇರೆ.

ಮೊದಲನೆಯದು ಐದನೇ ಹಾಡಿನ ಪರೀಕ್ಷೆ. ಸುಮಾರಾದ ಆಲ್ಬಂನಲ್ಲೂ ಎರಡು ಒಳ್ಳೆಯ ಹಾಡು ಇರುತ್ತವೆ. ಟೀವಿಯವರು, ಎಫ್.ಎಂ.ನವರು ಅವೆರಡನ್ನೇ ಅರೆದು ಅರೆದು ಹಾಕುತ್ತಾರೆ. ಉಳಿದ ಹಾಡುಗಳ ಕಥೆ ಏನು? ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಸುಮ್ನೆ ಕೂತಿದ್ದ ಹಾಡನ್ನು ಇವತ್ತು ಹಾಕಿದರೆ ಕೈ ತಾನಾಗಿ ಮುಂದಿನ ಹಾಡಿಗೆ ಹೋಗುತ್ತದಾ? ಹೋದರೆ ಅದು ಎರಡು ಹಾಡುಗಳ ಪೊಟ್ಟಣ ಅಷ್ಟೇ, ಆಲ್ಬಂ ಅಲ್ಲ. ನನ್ನ ಲೆಕ್ಕದಲ್ಲಿ ಈ ಪರೀಕ್ಷೆಗೇ ತೂಕ ಜಾಸ್ತಿ.

ಎರಡನೆಯದು, ಸಿನಿಮಾ ನೋಡದವರಿಗೂ ಹಾಡು ತಟ್ಟಬೇಕು. ಅಕ್ಕನ ಮಗಳು ಈ ಸಿನಿಮಾಗಳಲ್ಲಿ ಮುಕ್ಕಾಲು ನೋಡಿಲ್ಲ. ಅವಳ ಕಿವಿ ಇದಕ್ಕೆ ಹೇಳಿ ಮಾಡಿಸಿದ್ದು.

ಮೂರನೆಯದು, ಹಾಡು ಬೇರೆಯವರ ಬಾಯಿಗೆ ಕೂರಬೇಕು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಕಾಲೇಜು ಪ್ರವಾಸದ ಬಸ್ಸು, ಮದುವೆ ಮನೆಯ ಅಂತ್ಯಾಕ್ಷರಿ, ಇವು ದೊಡ್ಡ ಜರಡಿ. ಮೂಲ ಗಾಯಕರ ದನಿ ತೆಗೆದ ಮೇಲೂ ನಿಲ್ಲುವ ಹಾಡು ಗಟ್ಟಿ ಹಾಡು.

ಆಮೇಲೆ, ಅದರ ನಂತರ ಬಂದವರು ಅದನ್ನು ನೋಡಿ ತಮ್ಮ ದಾರಿ ಬದಲಿಸಿದರಾ ಅನ್ನೋದು. ಕೊನೆಯದು ಸದ್ದಿಗೆ ವಯಸ್ಸಾಗಿದೆಯಾ ಅನ್ನೋದು. ಆ ಕಾಲದ ಕೀಬೋರ್ಡ್ ತಂತಿವಾದ್ಯಗಳು ಇವತ್ತಿನ ಹೆಡ್‌ಫೋನಿನಲ್ಲಿ ಬಡಕಲಾಗಿ ಕೇಳಿಸುತ್ತವೆ. ಇದಕ್ಕೆ ನಾನು ಹೆಚ್ಚು ಅಂಕ ಕಳೆಯುವುದಿಲ್ಲ. ಐವತ್ತು ವರ್ಷ ಹಿಂದಿನ ಹಾಡುಗಳನ್ನು ಕರಕರ ಸದ್ದಿನ ಸಮೇತ ಪ್ರೀತಿಸುವವರು ನಾವು, ಅಲ್ವಾ?

ಪ್ರಶಸ್ತಿ, ಯೂಟ್ಯೂಬ್ ಲೆಕ್ಕ, ಸಿನಿಮಾ ಎಷ್ಟು ದಿನ ಓಡಿತು, ಇವನ್ನು ಪಕ್ಕಕ್ಕಿಟ್ಟಿದ್ದೇನೆ.

ದಶಕ ಎರಡು ಹೋಳು

ಈ ಹತ್ತು ವರ್ಷವನ್ನು ಒಂದೇ ತಕ್ಕಡಿಯಲ್ಲಿ ಹಾಕಿದರೆ ಮೊದಲರ್ಧಕ್ಕೆ ಅನ್ಯಾಯವಾಗುತ್ತದೆ. 2000ದಲ್ಲಿ ಹಂಸಲೇಖ ಸಂಗೀತದ 'ಪ್ರೀತ್ಸೆ' ಬಂತು, ಹೇಮಂತ್ ದನಿ ಊರೂರಿಗೆ ಗೊತ್ತಾಯಿತು. ರಾಜೇಶ್ ಕೃಷ್ಣನ್ ಆಗಲೇ ಮನೆಮಾತು. ಗುರುಕಿರಣ್, ವಿ. ಮನೋಹರ್ ಅವರ ಕೈಗೆ ಬಿಡುವೇ ಇರಲಿಲ್ಲ. 2005ರಲ್ಲಿ 'ಆಕಾಶ್' ಚಿತ್ರದ 'ನೀನೆ ನೀನೆ' ಹಾಡನ್ನು ಕುನಾಲ್ ಗಾಂಜಾವಾಲಾ ಹಾಡಿದರು, ಮುಂಬೈ ದನಿಗಳಿಗೆ ಬಾಗಿಲು ಅಗಲವಾಯಿತು. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂದ ಮೇಲಂತೂ ಬಾಗಿಲೇ ಕಿತ್ತುಹೋಯಿತು.

ಕೇಳುವ ಸಾಧನವೂ ಇದೇ ಹತ್ತು ವರ್ಷದಲ್ಲಿ ಬದಲಾಯಿತು. ಶುರುವಿನಲ್ಲಿ ಕ್ಯಾಸೆಟ್, ಆಮೇಲೆ ಸಿ.ಡಿ., ಆಮೇಲೆ ನೂರು ಹಾಡು ತುಂಬಿದ ಎಂಪಿ3 ಡಿಸ್ಕ್, ಕೊನೆಗೆ ಕಾಲರ್ ಟ್ಯೂನ್. ಕ್ಯಾಸೆಟ್ಟಿನಲ್ಲಿ ಹಾಡು ದಾಟಿಸುವುದು ಕಷ್ಟದ ಕೆಲಸ, ಹಾಗಾಗಿ ಎಲ್ಲವನ್ನೂ ಕೇಳುತ್ತಿದ್ದೆವು. ಎಂಪಿ3 ಬಂದ ಮೇಲೆ ಕೇಳುವುದು ಚೆನ್ನಾಗಿರುವ ಎರಡೇ ಹಾಡು. ಐದನೇ ಹಾಡಿನ ಪರೀಕ್ಷೆಯಲ್ಲಿ ಕೊನೆಯ ವರ್ಷಗಳ ಆಲ್ಬಂಗಳು ಜಾಸ್ತಿ ಎಡವುತ್ತವೆ. ಕಾರಣ ಇದೇ ಇರಬೇಕು ಅಂತ ನನ್ನ ಗುಮಾನಿ.

ಮುಂಗಾರು ಮಳೆ: ಚರಿತ್ರೆಯಲ್ಲಂತೂ ಇದೆ

ಇದನ್ನು ಬಿಟ್ಟು ಪಟ್ಟಿ ಮಾಡಿದರೆ ಜನ ಬೈಯುತ್ತಾರೆ, ಬೈಯಲೂ ಬೇಕು. ಸಂಗೀತ ಮನೋಮೂರ್ತಿ, ಅಮೆರಿಕದಲ್ಲಿ ತಂತ್ರಜ್ಞಾನದ ಉದ್ಯಮ ಕಟ್ಟಿದವರು. 'ಅನಿಸುತಿದೆ ಯಾಕೋ ಇಂದು' ಬರೆದವರು ಜಯಂತ ಕಾಯ್ಕಿಣಿ, ಮೊದಲಿಗೆ ಕತೆಗಾರರು, ಕವಿಗಳು. ಶೀರ್ಷಿಕೆ ಹಾಡಿನ ಸಾಹಿತ್ಯ ನಿರ್ದೇಶಕ ಯೋಗರಾಜ ಭಟ್ಟರದೇ. ಎರಡನ್ನೂ ಹಾಡಿದ್ದು ಸೋನು ನಿಗಮ್. ಸಿನಿಮಾದವರೇ ಸಿನಿಮಾಕ್ಕೆ ಬರೆಯುವ ರೂಢಿಯ ನಡುವೆ ಹೊರಗಿನ ಗಾಳಿ ಬಂದು ಕೂತಿತು.

ಆಮೇಲೆ ಬಂದವರನ್ನು ಬದಲಿಸಿತಾ ಅಂತ ಕೇಳಿದರೆ, ಈ ಆಲ್ಬಂಗೆ ನೂರಕ್ಕೆ ನೂರು. ಪ್ರೇಮಗೀತೆಯ ಮಾತು ಬದಲಾಯಿತು. ದೊಡ್ಡ ದೊಡ್ಡ ಹೋಲಿಕೆಗಳ ಜಾಗದಲ್ಲಿ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಂಥ ಸಾಲುಗಳು ಬಂದವು. ಜೊತೆಗೆ ಮಳೆ. ಇದೇ ಆಲ್ಬಂನ 'ಮುಂಗಾರು ಮಳೆಯೇ', 'ಮಿಲನ'ದ 'ಮಳೆ ನಿಂತು ಹೋದ ಮೇಲೆ', 'ಮೊಗ್ಗಿನ ಮನಸು'ವಿನ 'ಮಳೆ ಬರುವ ಹಾಗಿದೆ', 'ಮನಸಾರೆ'ಯ 'ಎಲ್ಲೋ ಮಳೆಯಾಗಿದೆ'. ನಾಲ್ಕಕ್ಕೂ ಮನೋಮೂರ್ತಿಯವರದೇ ರಾಗ. ಆ ಮೂರು ವರ್ಷ ಕೊಡೆ ಇಲ್ಲದೆ ಕನ್ನಡ ಹಾಡು ಕೇಳುವ ಹಾಗಿರಲಿಲ್ಲ.

ಆದರೆ ಐದನೇ ಹಾಡು? 'ಇವನು ಗೆಳೆಯನಲ್ಲ' ಚೆನ್ನಾಗಿ ನಿಲ್ಲುತ್ತದೆ. ಪ್ರಿಯಾ ಹಿಮೇಶ್ ಅದನ್ನು ಹಾಡಿರುವ ರೀತಿಯಲ್ಲಿ ಒಂದು ಗೊಂದಲ ಇದೆ, ಹಾಡಿಗೆ ಬೇಕಾಗಿದ್ದೂ ಅದೇ. ಶ್ರೇಯಾ ಘೋಷಾಲ್ ಹಾಡಿದ 'ಅರಳುತಿರು' ಇವತ್ತಿಗೂ ತಾಜಾ. 'ಸುವ್ವಿ ಸುವ್ವಾಲಿ' ಬಂದಾಗ ಮಾತ್ರ ನನ್ನ ಕೈ ಮುಂದಿನ ಹಾಡಿಗೆ ಹೋಗುತ್ತದೆ. 'ಕುಣಿದು ಕುಣಿದು ಬಾರೆ'ಗೆ ತೆರೆಯ ಮೇಲಿನ ಗಣೇಶ್ ಬೇಕು.

ಇದಕ್ಕೆ ಇನ್ನೊಂದು ತೊಂದರೆ ಇದೆ, ಅದು ಹಾಡಿನ ತಪ್ಪಲ್ಲ. ನಮ್ಮ ವಯಸ್ಸಿನವರು ಇದನ್ನು ಬೇಕಾಗಿದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ ಕೇಳಿಬಿಟ್ಟಿದ್ದೇವೆ. ಯಾರಿಗೆ ಫೋನ್ ಮಾಡಿದರೂ ಅದೇ ಕಾಲರ್ ಟ್ಯೂನ್. ಸಾಲ ವಾಪಸ್ ಕೇಳಲು ಫೋನ್ ಮಾಡಿದರೂ 'ಅನಿಸುತಿದೆ'. ಆ ದಣಿವು ಇಳಿಯಲು ನನಗೆ ವರ್ಷಗಳು ಬೇಕಾದವು. ಅಕ್ಕನ ಮಗಳಿಗೆ ಆ ಭಾರ ಇಲ್ಲ, ಅವಳಿಗೆ ಇದು ಹೊಸ ಹಾಡು. ನಿಮಗೂ ಈ ದಣಿವು ಇದ್ದರೆ ಒಂದು ವರ್ಷ ಮುಟ್ಟದೆ ಬಿಡಿ.

ಗಾಳಿಪಟ: ಆಲ್ಬಂ ಅಂದರೆ ಇದು

2008ರಲ್ಲಿ ಭಟ್ಟರು ಸಂಗೀತ ನಿರ್ದೇಶಕರನ್ನು ಬದಲಿಸಿ ವಿ. ಹರಿಕೃಷ್ಣ ಅವರನ್ನು ಕರೆತಂದರು. ಗೆದ್ದ ಜೋಡಿಯನ್ನು ಬಿಡಲು ಧೈರ್ಯ ಬೇಕು. ಅದರ ಫಲ ಈ ಆಲ್ಬಂ. ನನ್ನ ಪಟ್ಟಿಯಲ್ಲಿ ಇದೇ ಮೊದಲು, 'ಮುಂಗಾರು ಮಳೆ'ಗಿಂತಲೂ ಮೇಲೆ.

ಕಾರಣ ಹೇಳುತ್ತೇನೆ. 'ಮಿಂಚಾಗಿ ನೀನು ಬರಲು' ಎಲ್ಲರಿಗೂ ಗೊತ್ತು: ಕಾಯ್ಕಿಣಿ ಸಾಹಿತ್ಯ, ಸೋನು ದನಿ. ಅದು ಇಲ್ಲದಿದ್ದರೂ ಆಲ್ಬಂ ನಿಲ್ಲುತ್ತಿತ್ತು ಅನ್ನೋದೇ ದೊಡ್ಡ ಮಾತು. 'ಆಕಾಶ ಇಷ್ಟೇ ಯಾಕಿದೆಯೋ' ಹಾಡನ್ನು ಟಿಪ್ಪು ಮತ್ತು ಕುನಾಲ್ ಹಾಡಿದ್ದಾರೆ. ಗೆಳೆಯರ ಬಳಗ ಬೆಟ್ಟ ಹತ್ತುವಾಗ ತಾನಾಗಿ ಬಾಯಿಗೆ ಬರುತ್ತದೆ. 'ನದೀಂ ಧೀಂ ತನ'ದಲ್ಲಿ ಚಿತ್ರಾ. 'ಕವಿತೆ ಕವಿತೆ'ಯಲ್ಲಿ ವಿಜಯ್ ಪ್ರಕಾಶ್, ನಮ್ಮ ಮೈಸೂರಿನವರು. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ದನಿ ಬದಲಾಗುತ್ತದೆ, ನಡೆ ಬದಲಾಗುತ್ತದೆ, ಆದರೂ ಒಂದೇ ಊರಿನ ಹಾಡುಗಳು ಅನ್ನಿಸುತ್ತದೆ. 'ಒಂದೇ ಸಮನೆ ನಿಟ್ಟುಸಿರು' ಬರುವ ಹೊತ್ತಿಗೆ ಮನಸ್ಸು ಮೆತ್ತಗಾಗಿರುತ್ತದೆ. ಐದನೇ ಹಾಡಿನ ಪರೀಕ್ಷೆಯಲ್ಲಿ ನಾನು ಹಾಡು ದಾಟಿಸದೇ ಇದ್ದದ್ದು ಇದೊಂದೇ ಆಲ್ಬಂನಲ್ಲಿ.

ಆಮೇಲಿನವರ ಮೇಲೆ ಇದರ ಪರಿಣಾಮವೂ ಕಡಿಮೆಯೇನಲ್ಲ, ಗದ್ದಲ ಮಾಡದೆ ಆಗಿದೆ ಅಷ್ಟೇ. ಮುಂದಿನ ಹಲವು ವರ್ಷ ಹರಿಕೃಷ್ಣ ಕನ್ನಡದ ಮುಂಚೂಣಿ ಸಂಗೀತ ನಿರ್ದೇಶಕರಾಗಿದ್ದರು. ವಿಜಯ್ ಪ್ರಕಾಶ್ ಇಲ್ಲದ ಆಡಿಯೋ ಸಿಗುವುದೇ ಅಪರೂಪ ಅನ್ನೋ ಕಾಲ ಬಂತು. 'ಮಿಂಚಾಗಿ ನೀನು ಬರಲು' ಸಾಲಿನಿಂದಲೇ ಹೆಸರು ಪಡೆದ ಸಿನಿಮಾ ಆಮೇಲೆ ಬಂತು. ಹಾಡಿನ ಸಾಲು ಸಿನಿಮಾ ಹೆಸರಾಗುವುದು ಒಳ್ಳೆಯ ಲಕ್ಷಣ.

ಒಂದು ತಮಾಷೆ. ಮುಂಬೈ ದನಿಗಳು ಬಂದ ಮೇಲೆ ನಮ್ಮ ಗಾಯಕರಿಗೆ ಅವಕಾಶ ಕಡಿಮೆಯಾಯಿತು ಅಂತ ಎಲ್ಲರೂ ಗೊಣಗುತ್ತಿದ್ದ ಹೊತ್ತು ಅದು. ಈ ಚಿತ್ರದ ಮೂವರು ನಾಯಕರಲ್ಲಿ ಒಬ್ಬರು ಸಾಕ್ಷಾತ್ ರಾಜೇಶ್ ಕೃಷ್ಣನ್. ಹಾಡುವವರು ಕುಣಿಯಲು ಬಂದರು.

ಕೊರತೆ? 'ಮುಂಗಾರು ಮಳೆ'ಯಷ್ಟು ಎದೆಗೆ ಚುಚ್ಚುವುದಿಲ್ಲ. ಅಳಬೇಕು ಅಂತಿರುವವರು ಅಲ್ಲಿಗೇ ಹೋಗಬೇಕು.

ಮಿಲನ, ಮನಸಾರೆ: ಒಂದೇ ಮನೆಯ ಇನ್ನಿಬ್ಬರು

'ಮಿಲನ' 2007ರದು. ಮತ್ತೆ ಮನೋಮೂರ್ತಿ, ಕಾಯ್ಕಿಣಿ, ಸೋನು. 'ನಿನ್ನಿಂದಲೇ' ಮತ್ತು 'ಮಳೆ ನಿಂತು ಹೋದ ಮೇಲೆ', ಇವೆರಡನ್ನು ಹೊರಗಿಟ್ಟು ದಶಕದ ಅತ್ಯುತ್ತಮ ಹಾಡುಗಳ ಪಟ್ಟಿ ಮಾಡಲು ಸಾಧ್ಯವಿಲ್ಲ. ಎರಡನೆಯದರಲ್ಲಿ ಕಾಯ್ಕಿಣಿ ಮಳೆಯನ್ನೇ ನಿಲ್ಲಿಸಿ ಅದರ ಆಮೇಲಿನ ಮೌನದಿಂದ ಹಾಡು ಶುರು ಮಾಡುತ್ತಾರೆ. ಮಳೆಹಾಡುಗಳ ಸಂತೆಯಲ್ಲಿ ಅದೇ ಜಾಣತನ. ಆದರೆ ಉಳಿದ ಹಾಡುಗಳು ಈ ಎರಡರ ಎತ್ತರಕ್ಕೆ ಬರುವುದಿಲ್ಲ.

2021ರ ಅಕ್ಟೋಬರ್ 29ರಂದು 'ಮಿಲನ'ದ ನಾಯಕ ಪುನೀತ್ ಹೋದ ಮೇಲೆ ಈ ಹಾಡುಗಳ ಭಾರವೇ ಬೇರೆಯಾಗಿದೆ. ನನಗೂ ಹಾಗೆಯೇ. ಇದು ಸಂಗೀತದ ಗುಣವಾ ಅಂತ ಕೇಳಿದರೆ ಅಲ್ಲ ಅನ್ನಬೇಕು. ಆದರೆ ಜನ ಯಾವುದನ್ನು ಕೈಬಿಡುವುದಿಲ್ಲ ಅನ್ನೋದೇ ನಮ್ಮ ಪ್ರಶ್ನೆಯಾದರೆ, ಇದನ್ನು ಲೆಕ್ಕದಿಂದ ಹೊರಗಿಡುವುದೂ ಸುಳ್ಳಾಗುತ್ತದೆ. ಹಾಗಾಗಿ 'ಮಿಲನ'ವನ್ನು ಒಂದು ಮೆಟ್ಟಿಲು ಮೇಲೆ ಇಟ್ಟಿದ್ದೇನೆ.

2009ರ 'ಮನಸಾರೆ' ಅದೇ ಬಳಗದ ಹೆಚ್ಚು ಹದವಾದ ಕೆಲಸ. ಭಟ್ಟರು ಮನೋಮೂರ್ತಿಯವರ ಬಳಿ ವಾಪಸ್ ಬಂದರು. 'ಎಲ್ಲೋ ಮಳೆಯಾಗಿದೆ'ಯಲ್ಲಿ ವಾದ್ಯಗಳು ಹಾಡಿಗೆ ಜಾಗ ಬಿಟ್ಟು ಕೂರುತ್ತವೆ. 'ನಾ ನಗುವ ಮೊದಲೇನೆ' ಶ್ರೇಯಾ ಅವರ ಅತಿ ಒಳ್ಳೆಯ ಕನ್ನಡ ಹಾಡುಗಳಲ್ಲಿ ಒಂದು. ಸದ್ದಿನ ಗುಣಮಟ್ಟಕ್ಕೆ ಬೆಲೆ ಕೊಡುವವರಿಗೆ, ಒಳ್ಳೆಯ ಸ್ಪೀಕರ್ ಇರುವವರಿಗೆ, 'ಮುಂಗಾರು ಮಳೆ'ಗಿಂತ ಇದು ಚೆನ್ನಾಗಿ ಕೇಳಿಸುತ್ತದೆ. ಆದರೆ ಇದು ಹೊಸ ದಾರಿ ತೆರೆಯಲಿಲ್ಲ, ಇದ್ದ ದಾರಿಗೆ ಟಾರು ಹಾಕಿತು.

ಉಚ್ಚಾರಣೆ ಬಗ್ಗೆ ಒಂದು ಮಾತು. ಹೊರಗಿನ ಗಾಯಕರ 'ಳ' ಮತ್ತು 'ಲ' ಜಗಳ ಈ ದಶಕದ ಆಲ್ಬಂಗಳಲ್ಲಿ ಅಲ್ಲಲ್ಲಿ ಕಿವಿಗೆ ತಾಗುತ್ತದೆ. ಸೋನು, ಶ್ರೇಯಾ ಇಬ್ಬರೂ ತುಂಬ ಶ್ರದ್ಧೆಯಿಂದ ಹಾಡಿದವರು, ಅವರಲ್ಲಿ ಇದು ಕಡಿಮೆ. ಮಕ್ಕಳಿಗೆ ಕನ್ನಡ ಕಲಿಸಲು ಹಾಡು ಹಾಕುವವರು ಮಾತ್ರ ಇದನ್ನು ಗಮನಿಸಿ.

ಜೋಗಿ: ಮೆಲೊಡಿ ಜನ ಮರೆಯುವ ಆಲ್ಬಂ

ಮೃದು ಹಾಡುಗಳ ಅಭಿಮಾನಿಗಳು ಮಾಡುವ ಪಟ್ಟಿಗಳಲ್ಲಿ ಇದು ಇರುವುದಿಲ್ಲ. ತಪ್ಪು. 2005ರ ಈ ಆಲ್ಬಂ ಗುರುಕಿರಣ್ ಅವರದು, ನಿರ್ದೇಶಕ ಪ್ರೇಮ್, ನಾಯಕ ಶಿವರಾಜ್‌ಕುಮಾರ್. 'ಹೊಡಿ ಮಗ' ಇದರಲ್ಲೇ ಇದೆ. ತಾಯಿಯ ಹಾಡು 'ಬೇಡುವೆನು ವರವನ್ನು' ಇದರಲ್ಲೇ ಇದೆ. ಜೋಗಪ್ಪನ ಜನಪದ 'ಎಲ್ಲೋ ಜೋಗಪ್ಪ ನಿನ್ನರಮನೆ'ಯೂ ಇದರಲ್ಲೇ. ರೌಡಿಸಂ, ತಾಯಿ, ಜನಪದ, ಮೂರೂ ಒಂದೇ ಕ್ಯಾಸೆಟ್ಟಿನಲ್ಲಿ.

ಬೇರೆಯವರ ಬಾಯಿಗೆ ಕೂರುವ ಪರೀಕ್ಷೆಯಲ್ಲಿ 'ಜೋಗಿ'ಯನ್ನು ಸೋಲಿಸುವ ಆಲ್ಬಂ ಈ ದಶಕದಲ್ಲಿ ಇಲ್ಲ. ಆರ್ಕೆಸ್ಟ್ರಾದ ಹುಡುಗ ಸೋನು ಹಾಡನ್ನು ಮುಟ್ಟಲು ಹೆದರುತ್ತಾನೆ, 'ಹೊಡಿ ಮಗ'ಕ್ಕೆ ಹೆದರುವುದಿಲ್ಲ. ಅಮ್ಮಂದಿರು 'ಬೇಡುವೆನು' ಬಂದರೆ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ.

ಆದರೆ ಇದನ್ನು ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಲು ಹೋದರೆ ನಿರಾಸೆಯಾಗುತ್ತದೆ. ಸದ್ದು ಗಡುಸು, ಹಾಡುಗಳ ನಡುವೆ ಏರುಪೇರು ಜಾಸ್ತಿ. ಇದು ಗುಂಪಿನ ಆಲ್ಬಂ, ದೊಡ್ಡ ಸ್ಪೀಕರಿನ ಆಲ್ಬಂ.

ನೆನಪಿರಲಿ: ನನ್ನ ಪಕ್ಷಪಾತ

ಇದೂ 2005. ಸಂಗೀತ ಹಂಸಲೇಖ. 'ಅಜಂತಾ ಎಲ್ಲೋರಾ' ಗೊತ್ತಿರಬಹುದು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಪಲ್ಲವಿಯಲ್ಲೇ ಕೂರಿಸಿದ ಹಾಡೂ ಇದರಲ್ಲೇ ಇದೆ. ಊರಿನ ಕೆರೆಯ ಹೆಸರು ಹಿಡಿದು ಪ್ರೇಮಗೀತೆ ಕಟ್ಟುವುದು ಹಂಸಲೇಖ ಅವರಿಗೆ ನೀರು ಕುಡಿದಷ್ಟು ಸುಲಭ, ಬೇರೆಯವರಿಗಲ್ಲ. ಎಂಬತ್ತು ತೊಂಬತ್ತರ ದಶಕಗಳನ್ನು ಆಳಿದವರು ಹೊಸ ಕಾಲದ ಹುಡುಗರ ನಡುವೆ ಬಂದು, ಇನ್ನೂ ಕೈ ಕಳೆದುಕೊಂಡಿಲ್ಲ ಅಂತ ತೋರಿಸಿದ ಆಲ್ಬಂ ಇದು.

ಆಮೇಲಿನವರ ಮೇಲೆ ಇದರ ಪರಿಣಾಮ ಹೆಚ್ಚೇನಿಲ್ಲ. ಮರುವರ್ಷವೇ ಮಳೆ ಬಂತಲ್ಲ, ಎಲ್ಲ ಕೊಚ್ಚಿಕೊಂಡು ಹೋಯಿತು. ಇದು ಉಳಿಯುತ್ತದೆ ಅಂತ ಪಂದ್ಯ ಕಟ್ಟಲಾರೆ. ಉಳಿಯಬೇಕು ಅನ್ನೋದು ನನ್ನಾಸೆ.

ಸಿನಿಮಾ ಹಂಗಿಲ್ಲದ ಎರಡು

ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಹೊರತಂದವರು ಹಿಂದಿಯ ಸಂಗೀತ ಜೋಡಿ ವಿಶಾಲ್–ಶೇಖರ್. ಇದರಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ' ಇವೆ. ಶರೀಫರನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ ಬೆಳೆದ ನಮ್ಮಂಥವರಿಗೆ ಗಿಟಾರ್, ವಯಲಿನ್ ಜೊತೆ ಬಂದ ಈ ಶರೀಫರು ಮೊದಲಿಗೆ ಅಪರಿಚಿತರು ಅನ್ನಿಸಿದರು. ಎರಡನೇ ಸಲ ಕೇಳಿದಾಗ ಕೂತಲ್ಲಿಂದ ಏಳಲಾಗಲಿಲ್ಲ. ನಮ್ಮಪ್ಪ ಮಾತ್ರ ಇನ್ನೂ ಒಪ್ಪಿಲ್ಲ, ಅಶ್ವತ್ಥರೇ ಸರಿ ಅನ್ನುತ್ತಾರೆ.

ಸಿನಿಮಾ ದೃಶ್ಯದ ಊರುಗೋಲು ಇದಕ್ಕೆ ಇಲ್ಲವೇ ಇಲ್ಲ. ಕನ್ನಡದ ಬ್ಯಾಂಡುಗಳಿಗೆ ವೇದಿಕೆ ಮೇಲೆ ಧೈರ್ಯ ಕೊಟ್ಟವರಲ್ಲಿ ರಘು ಮೊದಲಿಗರು. ತೊಂದರೆ ಅಂದರೆ ಇದು ಪೂರ್ತಿ ಕನ್ನಡ ಆಲ್ಬಂ ಅಲ್ಲ, ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡ ಮಾತ್ರ ಬೇಕು ಅನ್ನುವವರಿಗೆ ಅರ್ಧ ತಟ್ಟೆ ಊಟ.

ಇನ್ನೊಂದು 2009ರ 'ನೀನೇ ಬರೀ ನೀನೇ'. ಸೋನು, ಮನೋಮೂರ್ತಿ, ಕಾಯ್ಕಿಣಿ ಸೇರಿ ಸಿನಿಮಾ ಇಲ್ಲದೆ ಮಾಡಿದ ಆಲ್ಬಂ. ಹಾಡುಗಳು ಹಿತವಾಗಿವೆ. ಆದರೆ ನಾಯಕ ಇಲ್ಲ, ಕಥೆ ಇಲ್ಲ, ತೆರೆ ಇಲ್ಲ, ಹಾಗಾಗಿ ಹಾಡುಗಳು ಒಂದರೊಳಗೊಂದು ಕರಗಿಹೋಗುತ್ತವೆ. ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಚೆನ್ನ.

ಬಾಗಿಲ ಹತ್ತಿರ ನಿಂತವು

'ಸವಾರಿ' (2009), ಮಣಿಕಾಂತ್ ಕದ್ರಿ ಸಂಗೀತ. ಸಾಧನಾ ಸರ್ಗಮ್ ಹಾಡಿದ 'ಮರಳಿ ಮರೆಯಾಗಿ' ಖಂಡಿತ ಉಳಿಯುತ್ತದೆ, ಆಲ್ಬಂ ಉಳಿಯುವುದು ಅನುಮಾನ. 'ಆ ದಿನಗಳು' (2007) ಕಥೆಯೂ ಹಾಗೆಯೇ. ಇಳಯರಾಜ ಅವರ '​ಸಿಹಿಗಾಳಿ' ಒಂದಕ್ಕಾಗಿ ಕೇಳಬೇಕು. 'ಮುಸ್ಸಂಜೆ ಮಾತು' (2008) ವಿ. ಶ್ರೀಧರ್ ಅವರದು. 'ಏನಾಗಲಿ ಮುಂದೆ ಸಾಗು ನೀ' ಪರೀಕ್ಷೆಯಲ್ಲಿ ಫೇಲಾದವರಿಗೆ ಎಷ್ಟು ಸಲ ಔಷಧಿಯಾಗಿದೆಯೋ ಲೆಕ್ಕವಿಲ್ಲ. 'ಚಿಗುರಿದ ಕನಸು' (2003) ಚಿತ್ರದ 'ಬಂಧುವೇ ಓ ಬಂಧುವೇ' ಕೇಳಿದರೆ ಊರಿಗೆ ಹೋಗಬೇಕು ಅನ್ನಿಸುತ್ತದೆ. 'ಆಪ್ತಮಿತ್ರ' (2004) ಎರಡನೇ ಪರೀಕ್ಷೆಯಲ್ಲಿ ಬೀಳುತ್ತದೆ. 'ರಾ ರಾ' ಕೇಳಿದ ಕೂಡಲೇ ಸೌಂದರ್ಯ ಕಣ್ಣ ಮುಂದೆ ಬರುತ್ತಾರೆ, ಅವರನ್ನು ತೆಗೆದರೆ ಹಾಡು ಅರ್ಧವಾಗುತ್ತದೆ. 'ದುನಿಯಾ'ದ 'ಕರಿಯ ಐ ಲವ್ ಯೂ' ಇನ್ನೂ ಬಸ್ಸಿನಲ್ಲಿ ಓಡುತ್ತಿದೆ, ಓಡಲಿ.

ನಿಮಗೆ ಯಾವುದು?

ಒಂದೇ ಒಂದು ಆಲ್ಬಂ ಪೂರ್ತಿ ಕೇಳಲು ಹೊತ್ತಿದೆ ಅಂದರೆ 'ಗಾಳಿಪಟ'. ಆ ದಶಕದಲ್ಲಿ ಕನ್ನಡ ಹಾಡಿಗೆ ಏನಾಯಿತು ಅಂತ ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು 'ನೆನಪಿರಲಿ', ಅದರ ಬೆನ್ನಿಗೇ 'ಮುಂಗಾರು ಮಳೆ' ಕೇಳಿ. ನಡುವಿನ ಕಂದಕ ತಾನಾಗಿ ಕಾಣುತ್ತದೆ. ಕಾರಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲ ಇದ್ದರೆ ಹೋಗುವಾಗ 'ಗಾಳಿಪಟ', ನಿದ್ದೆ ಬರುವ ಹೊತ್ತಿಗೆ 'ಜೋಗಿ'. ಹಾಡಲು ಕಲಿಯುವವರು 'ಮನಸಾರೆ'ಯಿಂದ ಶುರು ಮಾಡಬಹುದು, ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಕನ್ನಡ ಬಾರದ ಗೆಳೆಯರಿಗೆ ಕೊಡುವುದಾದರೆ ಬೇರೆ ಯೋಚನೆ ಬೇಡ, ರಘು ದೀಕ್ಷಿತ್.

ಖರ್ಚಿನ ಮಾತು. ಕಾಸು ಬಿಚ್ಚದೆ ಕೇಳಬೇಕಾದರೆ ಯೂಟ್ಯೂಬ್ ಇದೆ, ಆದರೆ ಎರಡು ಹಾಡಿಗೊಮ್ಮೆ ಜಾಹೀರಾತು ಬಂದರೆ ಆಲ್ಬಂ ಪೂರ್ತಿ ಕೇಳುವ ಸುಖ ಹೋಯಿತು. ಒಂದೇ ತಿಂಗಳಿಗೆ ಯಾವುದಾದರೂ ಮ್ಯೂಸಿಕ್ ಆ್ಯಪಿನ ಚಂದಾ ಕಟ್ಟಿ, ಹಾಡುಗಳನ್ನು ಕಲಸದೆ ಇದ್ದ ಕ್ರಮದಲ್ಲೇ ಕೇಳಿ. ಹುಡುಕುವಾಗ ಚಿತ್ರದ ವರ್ಷ ನೋಡಿಕೊಳ್ಳಿ, 'ಹಿಟ್ಸ್' ಅಂತ ನಾಲ್ಕು ಚಿತ್ರದ ಹಾಡು ಬೆರೆಸಿದ್ದೇ ಮೊದಲು ಸಿಗುತ್ತದೆ. ಸಿ.ಡಿ. ಕೊಳ್ಳುವ ಆಸೆ ಇದ್ದರೆ ಆ ತಿಂಗಳು ಮುಗಿದ ಮೇಲೆ ನಿರ್ಧರಿಸಿ: ಯಾವ ಆಲ್ಬಂನ ಕೊನೆಯ ಎರಡು ಹಾಡನ್ನು ನೀವಾಗಿಯೇ ಮತ್ತೆ ಹಾಕಿಕೊಂಡಿರೋ ಅದನ್ನು ಮಾತ್ರ ಕೊಳ್ಳಿ. ಹಳೆಯ ಡಿಸ್ಕ್ ತೆಗೆದುಕೊಳ್ಳುವಾಗ ಬೆಳಕಿಗೆ ಹಿಡಿದು ಗೀರು ನೋಡಿ. ಒಳಗಿನ ಕಾಗದ ಇದೆಯಾ ಅಂತಲೂ ನೋಡಿ, ಯಾರು ಬರೆದದ್ದು, ಯಾರು ಹಾಡಿದ್ದು ಅನ್ನೋದು ಆ್ಯಪುಗಳಲ್ಲಿ ಎಷ್ಟೋ ಸಲ ತಪ್ಪಾಗಿರುತ್ತದೆ.

ಗೆಳೆಯ ಕೊನೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಲ್ಲಿ 'ಗಾಳಿಪಟ', 'ಮುಂಗಾರು ಮಳೆ', 'ಜೋಗಿ' ಮೂರೂ ಇವೆ. 'ಮಿಲನ' ಬಿಡು, ಫೋನಲ್ಲಿ ಎರಡು ಹಾಡು ಸಾಕು ಅಂದೆ. ಅವನು ಒಪ್ಪಲಿಲ್ಲ, ಅಪ್ಪು ಮುಖ ಇರುವ ಡಬ್ಬಿ ಎಸೆಯಲು ಆಗುವುದಿಲ್ಲ ಅಂದ. ಅಕ್ಕನ ಮಗಳಿಗೆ ಕಳಿಸಿದ ಐದು: 'ಗಾಳಿಪಟ', 'ಮುಂಗಾರು ಮಳೆ', 'ಜೋಗಿ', ರಘು ದೀಕ್ಷಿತ್, 'ನೆನಪಿರಲಿ'. ಎರಡು ವಾರ ಆಯಿತು. 'ಕವಿತೆ ಕವಿತೆ' ಅವಳ ಫೋನಿನಲ್ಲಿ ದಿನಾ ಓಡುತ್ತಿದೆಯಂತೆ. 'ಸುವ್ವಿ ಸುವ್ವಾಲಿ' ಅವಳಿಗೆ ತುಂಬ ಇಷ್ಟವಾಯಿತಂತೆ, ನನಗೆ ಆಶ್ಚರ್ಯ. 'ನೆನಪಿರಲಿ'ಯನ್ನು ಮಾತ್ರ ಇನ್ನೂ ಕೇಳಿಲ್ಲ.